ಒಂದು ತಲೆಯಲ್ಲಿ ಮೂರು ಸಾರಂಗ

ಹಿಂಟರ್‌ಬಾಖ್ ಕಣಿವೆಯಲ್ಲಿ ಯಾರು ಸಾರಂಗ ಹೊಡೆದರೂ ಅದರ ತಲೆ ಕೊನೆಗೆ ಬಂದು ಸೇರುತ್ತಿದ್ದುದು ನೋಟ್‌ಬುರ್ಗಾಳ ಹಾಲುಮನೆಗೆ. ಹಸುಗಳನ್ನು ಮಾರಿ ಎಷ್ಟೋ ವರ್ಷವಾಗಿತ್ತು. ಉಳಿದದ್ದು ಕಲ್ಲುಹಾಸಿನ ನೆಲ, ಚೀಸ್ ಕಾಯಿಸುತ್ತಿದ್ದ ದೊಡ್ಡ ಹಂಡೆ, ಮತ್ತು ಬೆಟ್ಟದಿಂದ ನೇರ ಇಳಿದು ಬಂದು ಕಲ್ಲುತೊಟ್ಟಿಗೆ ಬೀಳುವ ತಣ್ಣನೆಯ ನೀರು. ತಲೆಬುರುಡೆ ತೊಳೆಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆಂದರೂ ಸಿಗದು.

ಆಕೆಯನ್ನು ಊರೆಲ್ಲ ಬುರ್ಗಿ ಎಂದೇ ಕರೆಯುತ್ತಿತ್ತು. ವಯಸ್ಸು ಐವತ್ತೊಂಬತ್ತು. ಈ ಕೆಲಸ ಮೊದಲು ಅವಳ ಗಂಡ ಕಾಸ್ಪರ್‌ನದು. ಅವನು ಬೇಟೆಗಾರರ ಸಂಘದ ಕಾರ್ಯದರ್ಶಿಯಾಗಿದ್ದ. ತಲೆಗಳನ್ನು ಕುದಿಸುತ್ತಿದ್ದ, ಆದರೆ ಅವಸರದ ಮನುಷ್ಯ. ನೀರು ಕೊತಕೊತನೆ ಕುದಿಯಲು ಬಿಟ್ಟು ಬಿಯರ್ ಕುಡಿಯಲು ಹೋದರೆ ಬರುವಷ್ಟರಲ್ಲಿ ಮೂಗಿನ ಎಲುಬು ಬಿಟ್ಟುಕೊಂಡು ತಳ ಸೇರಿರುತ್ತಿತ್ತು. ಬುರ್ಗಿ ಅದನ್ನು ಹೆಕ್ಕಿ, ಅಂಟು ಹಾಕಿ, ಯಾರಿಗೂ ತಿಳಿಯದಂತೆ ಕೂರಿಸುತ್ತಿದ್ದಳು. ಒಂಬತ್ತು ವರ್ಷದ ಹಿಂದೆ ಕಾಸ್ಪರ್ ಹುಲ್ಲು ಕೊಯ್ಯುವಾಗ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಆ ಶರತ್ಕಾಲದಲ್ಲೂ ಬೇಟೆಗಾರರು ಹಳೆಯ ರೂಢಿಯಂತೆ ತಲೆಗಳನ್ನು ಚೀಲದಲ್ಲಿ ಹಾಕಿಕೊಂಡು ಬಂದು ಬಾಗಿಲಲ್ಲಿ ನಿಂತರು. ಬುರ್ಗಿ ಒಲೆಗೆ ಕಟ್ಟಿಗೆ ತುರುಕಿದಳು.

ಅವಳ ಕೈಗೆ ಬಂದ ಮೇಲೆ ಕೆಲಸದ ಹದವೇ ಬದಲಾಯಿತು. ಚರ್ಮ ಸುಲಿದು, ಕಣ್ಣು ನಾಲಗೆ ತೆಗೆದು, ಎರಡು ದಿನ ಹರಿಯುವ ನೀರಿನಲ್ಲಿ ನೆನೆಹಾಕಿ ರಕ್ತ ಬಿಡಿಸುವಳು. ಆಮೇಲೆ ಒಂದು ಹಿಡಿ ಸೋಡಾ ಹಾಕಿದ ನೀರಲ್ಲಿ, ಕೊಂಬಿನ ಬುಡ ಮುಳುಗದ ಹಾಗೆ ಅಡ್ಡ ಕೋಲಿಗೆ ಕಟ್ಟಿ, ಸಣ್ಣ ಉರಿಯಲ್ಲಿ ಬೇಯಿಸುವಳು. ಮಾಂಸವನ್ನು ಮೊಂಡ ಚಾಕುವಿನಿಂದ ಕೆರೆದು, ಮಿದುಳನ್ನು ಬಾಗಿದ ತಂತಿಯಿಂದ ಹಿಂಬದಿಯ ತೂತಿನಲ್ಲಿ ಎಳೆದು, ಮೂಗಿನೊಳಗಿನ ಪೊರೆಗಳನ್ನು ಚಿಮುಟದಿಂದ ಒಂದೊಂದಾಗಿ ಕೀಳುವಳು. ಕೊನೆಗೆ ಎಲುಬು ಬಿಳಿಯಾಗುವ ಔಷಧದಲ್ಲಿ ಅದ್ದಿದ ಹತ್ತಿಯನ್ನು ಬುರುಡೆಗೆ ಸುತ್ತಿ ಒಂದು ಹಗಲು ಬಿಡುವಳು. ಅದರ ಒಂದು ಹನಿಯೂ ಕೊಂಬಿಗೆ ತಾಗಬಾರದು, ತಾಗಿದರೆ ಕೊಂಬಿನ ಕಂದು ಬಣ್ಣ ಹೋಗಿಬಿಡುತ್ತದೆ. ಕೆಳದವಡೆ ಮಾತ್ರ ಬೇರೆಯೇ ಸಣ್ಣ ಪಾತ್ರೆಯಲ್ಲಿ. ಬೆಂದ ಮೇಲೆ ಅದು ಮಧ್ಯದಲ್ಲಿ ಬಿಟ್ಟುಕೊಂಡು ಎಡ ಬಲ ಎರಡು ಹೋಳಾಗುತ್ತದೆ. ಆ ಎರಡನ್ನೂ ತಂತಿಯಿಂದ ಸುತ್ತಿ ಕಟ್ಟಿ, ಬೇಟೆಗಾರನ ಹೆಸರಿನ ತಗಡು ಜೋಡಿಸಿ, ಬುರುಡೆಯ ಪಕ್ಕದಲ್ಲೇ ಕಪಾಟಿನ ಮೇಲೆ ಒಣಗಲು ಇಡುವಳು.

ಕೊಂಬು ನೋಡಿ ಹೊಗಳುವವರು ಹೊರಗಿನವರು. ಕಣಿವೆಯವರು ನೋಡುವುದು ದವಡೆಯನ್ನೇ. ಹತ್ತು ದಾಟಿದ ಮುದಿ ಸಾರಂಗವನ್ನು ಹೊಡೆಯಬಹುದು, ಎಳೆಯದರಲ್ಲಿ ಸೊರಗಿದ್ದನ್ನು ಹೊಡೆಯಬಹುದು, ನಡುಪ್ರಾಯದ್ದನ್ನು ಮಾತ್ರ ಮುಟ್ಟಬಾರದು; ಹಿಂಡು ನಿಂತಿರುವುದೇ ಅದರಿಂದ. ಹೊಡೆದದ್ದರ ವಯಸ್ಸು ಹೇಳುವುದು ದವಡೆಹಲ್ಲಿನ ಸವೆತ. ಪ್ರತಿ ಮಾರ್ಚಿನಲ್ಲಿ ಊರ ಹೋಟೆಲಿನ ದೊಡ್ಡ ಸಭಾಂಗಣದಲ್ಲಿ ಆ ವರ್ಷದ ಎಲ್ಲ ತಲೆಗಳನ್ನೂ ಗೋಡೆಗೆ ತೂಗುಹಾಕುತ್ತಾರೆ. ಜಿಲ್ಲೆಯಿಂದ ಬಂದವರು ಹಲ್ಲು ನೋಡಿ, ಸರಿಯಾಗಿ ಹೊಡೆದವನ ತಲೆಗೆ ಹಸಿರು ಚುಕ್ಕಿ, ತಪ್ಪಿದವನ ತಲೆಗೆ ಕೆಂಪು ಚುಕ್ಕಿ ಅಂಟಿಸುತ್ತಾರೆ. ಕೆಂಪು ಚುಕ್ಕಿ ಬಿದ್ದವನು ಆ ಸಂಜೆ ಬಿಯರ್ ಕುಡಿಯದೆ ಮನೆಗೆ ಹೋಗುತ್ತಾನೆ.

ಆ ವರ್ಷ ಅಕ್ಟೋಬರಿನ ಎರಡನೆಯ ವಾರ ಒಟ್ಟಿಗೆ ಐದು ತಲೆ ಬಂದವು. ಐದರಲ್ಲೂ ದೊಡ್ಡದು ಸೆವೆರಿನ್ ತಂದದ್ದು. ಸೆವೆರಿನ್ ನಲವತ್ತು ವರ್ಷದಿಂದ ಆ ಕಾಡಿನ ಕಾವಲುಗಾರ. ಯಾರು ಏನು ಹೊಡೆದರೂ ಮೊದಲು ನೋಡಿ ಒಪ್ಪಬೇಕಾದವನು ಅವನೇ. ಕಾಸ್ಪರ್‌ನ ಜೀವದ ಗೆಳೆಯ. ಹೆಂಡತಿ ಇಲ್ಲ, ಮಕ್ಕಳಿಲ್ಲ, ಮೇಲಿನ ಇಳಿಜಾರಿನಲ್ಲಿ ಒಂದು ಮರದ ಮನೆ, ಹಿಂದೆ ಜೇನುಪೆಟ್ಟಿಗೆಗಳ ಸಾಲು. ಅವನ ಹೆಸರಿನಲ್ಲಿ ಅಷ್ಟು ವರ್ಷದಲ್ಲಿ ಒಂದೇ ಒಂದು ಕೆಂಪು ಚುಕ್ಕಿ ಇರಲಿಲ್ಲ. ಅಂದು, ಬೇಟೆ ಬಿದ್ದವರ ರೂಢಿಯಂತೆ ಟೋಪಿಯಲ್ಲಿ ಹಸಿರು ಕುಡಿ ಸಿಕ್ಕಿಸಿಕೊಂಡು ಬಂದವನಿಗೆ ಬುರ್ಗಿ ಕೈಕುಲುಕಿ ಅಭಿನಂದನೆ ಹೇಳಿದಳು. ಅವನು ಚೀಲವನ್ನು ನೆಲಕ್ಕಿಟ್ಟು, "ಹನ್ನೊಂದು ವರ್ಷದ್ದು," ಎಂದಷ್ಟೇ ಹೇಳಿ, ಕಾಫಿಗೂ ಕೂರದೆ ಹೊರಟುಹೋದ.

ಎರಡು ವಾರದ ಮೇಲೆ, ಒಣಗಿದ ಬುರುಡೆಗಳನ್ನು ಹಲಗೆಗೆ ಕೂರಿಸಲು ಬುರ್ಗಿ ಒಂದೊಂದನ್ನೇ ಕೆಳಗಿಳಿಸಿದಳು. ಹಲಗೆಗೆ ಹೊಡೆಯುವ ಮೊದಲು ಕೆಳದವಡೆಯನ್ನು ಬುರುಡೆಗೆ ಒಮ್ಮೆ ಹೊಂದಿಸಿ ನೋಡುವುದು ಅವಳ ಅಭ್ಯಾಸ. ಮೇಲಿನ ಹಲ್ಲು ಕೆಳಗಿನ ಹಲ್ಲಿನ ಮೇಲೆ ಬೀಗಕ್ಕೆ ಕೀಲಿ ಕೂತಂತೆ ಕೂರಬೇಕು. ನಾಲ್ಕು ತಲೆ ಹಾಗೇ ಕೂತವು. ಸೆವೆರಿನ್‌ನದು ಕೂರಲಿಲ್ಲ.

ತಿರುಗಿಸಿ ನೋಡಿದಳು. ಒತ್ತಿ ನೋಡಿದಳು. ಎಡಗಡೆ ಒಂದು ಬೆರಳಷ್ಟು ಮುಂದೆ ಬರುತ್ತಿತ್ತು, ಬಲಗಡೆ ಹಿಂದೆ ಉಳಿಯುತ್ತಿತ್ತು. ಬುರುಡೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮೇಲಿನ ಹಲ್ಲುಗಳು ಏಣು ಏಣಾಗಿ ಚೂಪಾಗಿದ್ದವು. ಆರು ವರ್ಷ, ಹೆಚ್ಚೆಂದರೆ ಏಳು. ಕೆಳದವಡೆಯ ಎಡ ಹೋಳಿನ ಹಲ್ಲುಗಳು ಹಳೆಯ ಮೆಟ್ಟಿಲಿನ ಹಾಗೆ ಸವೆದು ನುಣುಪಾಗಿದ್ದವು, ಹನ್ನೊಂದಕ್ಕೆ ಕಡಿಮೆಯಿಲ್ಲ. ಬಲ ಹೋಳು ಮತ್ತೂ ಬೇರೆ. ಸವೆದಿದ್ದರೂ ಸಣ್ಣದು, ತೆಳ್ಳಗೆ. ಅದು ಗಂಡಿನದೇ ಅಲ್ಲ, ಯಾವುದೋ ಮುದಿ ಹೆಣ್ಣು ಸಾರಂಗದ್ದು.

ಒಂದೇ ತಲೆಯಲ್ಲಿ ಮೂರು ಪ್ರಾಣಿ.

ಮೊದಲು ಬಂದ ಯೋಚನೆ, ತಾನೇ ಅದಲುಬದಲು ಮಾಡಿರಬೇಕು ಎಂಬುದು. ಎಲ್ಲ ಹೋಳುಗಳನ್ನೂ ಬಿಚ್ಚಿ ಮೇಜಿನ ಮೇಲೆ ಹರಡಿ ಐದು ಬುರುಡೆಗೂ ಒಂದೊಂದಾಗಿ ಹೊಂದಿಸಿದಳು. ನಾಲ್ಕಕ್ಕೆ ನಾಲ್ಕು ಜೊತೆ ಸರಿಯಾಗಿ ಕೂತವು. ಉಳಿದ ಎರಡು ಹೋಳುಗಳು ಯಾವುದಕ್ಕೂ ಸೇರಲಿಲ್ಲ. ಆದರೆ ಈ ಶರತ್ಕಾಲದಲ್ಲಿ ಅವಳ ಮನೆಗೆ ಒಂದೂ ಹೆಣ್ಣು ಸಾರಂಗದ ತಲೆ ಬಂದಿರಲಿಲ್ಲ. ಬಾರದ ಪ್ರಾಣಿಯ ದವಡೆ ಕಪಾಟಿಗೆ ಹೇಗೆ ಬಂತು? ಬಂದ ಸಾರಂಗದ ದವಡೆ ಎಲ್ಲಿಗೆ ಹೋಯಿತು? ಸೆವೆರಿನ್‌ನ ಸಾರಂಗದ ದವಡೆಯನ್ನು ಬೇಯಿಸಿದ್ದು ನೆನಪಿತ್ತು. ಉಜ್ಜಿದ್ದು ನೆನಪಿತ್ತು. ಆ ಹಲ್ಲುಗಳು ಹೇಗಿದ್ದವು ಎಂಬುದು ಮಾತ್ರ, ಎಷ್ಟು ಕಣ್ಣು ಮುಚ್ಚಿ ಕೂತರೂ, ನೆನಪಿಗೆ ಬರಲಿಲ್ಲ. ಆ ವಾರ ಉರಿ, ಹಬೆ, ಐದು ತಲೆ. ಕೈ ತನ್ನಷ್ಟಕ್ಕೆ ಕೆಲಸ ಮಾಡಿತ್ತು.

ಅವಳಿಗೆ ಹೆದರಿಕೆಯಾದದ್ದಕ್ಕೆ ಕಾರಣ ಅಕ್ಕ ವಾಲ್‌ಬುರ್ಗಾ. ಅಕ್ಕ ಅರವತ್ತಕ್ಕೇ ಮರೆಯತೊಡಗಿದ್ದಳು. ಮೊದಲು ಒಲೆ ಆರಿಸುವುದು, ಆಮೇಲೆ ಮಕ್ಕಳ ಹೆಸರು, ಈಗ ಪೇಟೆಯ ವೃದ್ಧಾಶ್ರಮದಲ್ಲಿ ಕಿಟಕಿ ಪಕ್ಕ ಕೂತು ಬುರ್ಗಿಯನ್ನು "ಅಮ್ಮಾ" ಎನ್ನುತ್ತಿದ್ದಳು. ಕಳೆದ ವಾರವಷ್ಟೇ ಬುರ್ಗಿಗೆ ತನ್ನ ಉಣ್ಣೆಯ ಕಾಲುಚೀಲ ಹಿಟ್ಟಿನ ಡಬ್ಬಿಯ ಖಾನೆಯಲ್ಲಿ ಸಿಕ್ಕಿತ್ತು. ಅದನ್ನು ಅಲ್ಲಿಟ್ಟವರು ಯಾರೆಂದು ಇಂದಿಗೂ ಗೊತ್ತಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಫಿಲೊಮೆನಾ ಮೊಟ್ಟೆ ಕೊಡಲು ಬಂದವಳು ಮೇಜಿನ ಮೇಲಿನ ರಾಶಿ ನೋಡಿ ನಿಂತಳು.

"ಇದೇನೇ, ಹಲ್ಲಿನ ಡಾಕ್ಟರ್ ಅಂಗಡಿ ಇಟ್ಟಿದ್ದೀಯ?"

"ಒಂದು ದವಡೆ ಹೊಂದ್ತಿಲ್ಲ, ಫಿಲೊಮೆನಾ. ಎಲ್ಲೋ ಬೆರೆಸಿಬಿಟ್ಟಿದ್ದೀನಿ ಅನ್ಸುತ್ತೆ."

"ನೀನಾ? ಸ್ಮಶಾನದಲ್ಲಿ ಬಿಟ್ರೂ ಯಾವ ಮೂಳೆ ಯಾರದು ಅಂತ ಹೇಳೋಳು. ತಗೊ, ಮೊಟ್ಟೆ ತಿನ್ನು. ಅದೂ ಆಗದಿದ್ರೆ ನಿನ್ನ ತಲೇನೂ ಒಂದ್ಸಲ ಹಂಡೇಲಿ ಹಾಕಿ ಕುದಿಸಿ ನೋಡು, ತಿಳಿಯಾಗುತ್ತೆ."

ಬೇರೆ ದಿನವಾಗಿದ್ದರೆ ಬುರ್ಗಿ ನಗುತ್ತಿದ್ದಳು. ಅಂದು ಆ ಮಾತು ಎದೆಗೆ ಹೋಗಿ ಕೂತಿತು. ಫಿಲೊಮೆನಾ ಹೊರಟ ಮೇಲೆ ಬಾಯಲ್ಲೇ ಕಣಿವೆಯ ಮನೆಗಳ ಹೆಸರನ್ನು ಕೆಳಗಿನಿಂದ ಮೇಲಿನವರೆಗೆ ಹೇಳಿಕೊಂಡಳು. ಒಂದೂ ತಪ್ಪಲಿಲ್ಲ. ಆದರೆ ಅಕ್ಕನೂ ಮೊದಮೊದಲು ಹಾಗೇ ಹೇಳಿಕೊಳ್ಳುತ್ತಿದ್ದಳಲ್ಲ ಎಂದು ನೆನಪಾಗಿ ಮತ್ತೂ ಕಂಗಾಲಾದಳು.

ಮರುದಿನ ಬೆಳಿಗ್ಗೆ ಬುಟ್ಟಿಯಲ್ಲಿ ಬುರುಡೆ, ದವಡೆ ಇಟ್ಟುಕೊಂಡು ಸೆವೆರಿನ್‌ನ ಮನೆಗೆ ಹತ್ತಿದಳು. ಯಾರನ್ನಾದರೂ ಕೇಳಬೇಕೆಂದರೆ ಅವನನ್ನೇ. ಚಳಿಗಾಲದಲ್ಲಿ ಹೊಸ ಬೇಟೆಗಾರರಿಗೆ ಹಲ್ಲು ನೋಡಿ ವಯಸ್ಸು ಹೇಳುವುದನ್ನು ಕಲಿಸುವವನು ಅವನು. ಅವನು ಬಾಗಿಲಲ್ಲಿ ನಿಂತಿದ್ದ. ಅವಳು ಹತ್ತಿರ ಬಂದು ಮಾತಾಡುವವರೆಗೂ ಗುರುತಿಸಿದಂತೆ ಕಾಣಲಿಲ್ಲ. ಬಿಸಿಲು ಕಣ್ಣಿಗೆ ಹೊಡೆಯುತ್ತಿರಬೇಕು ಎಂದುಕೊಂಡಳು.

"ನೋಡು ಸೆವೆರಿನ್, ನಿನ್ನ ತಲೆಗೆ ಯಾವ್ದೋ ದವಡೆ ಕಟ್ಟಿದ್ದೀನಿ. ಎಡ ಒಂದು, ಬಲ ಇನ್ನೊಂದು. ನಿನ್ನದು ಎಲ್ಲೂ ಸಿಗ್ತಿಲ್ಲ."

ಅವನು ಬುಟ್ಟಿಯನ್ನು ತೆಗೆದುಕೊಳ್ಳಲಿಲ್ಲ.

"ಒಂದೇ ವಾರಕ್ಕೆ ಐದು ತಲೆ ಬಂದ್ರೆ ಯಾರಿಗಾದ್ರೂ ಹೀಗಾಗುತ್ತೆ, ಬುರ್ಗಿ," ಎಂದ. "ನಮಗೂ ವಯಸ್ಸಾಯ್ತಲ್ಲ."

"ಹೆಣ್ಣು ಸಾರಂಗದ್ದು ಹೇಗೆ ಬಂತು ಅಂತ?"

"ಹೋದ ವರ್ಷದ್ದು ಯಾವ್ದೋ ಮೂಲೇಲಿ ಬಿದ್ದಿರುತ್ತೆ. ನಿಂಗೆ ನೆನಪಿಲ್ಲ ಅಷ್ಟೇ. ಅದರಲ್ಲಿ ನಾಚಿಕೆ ಪಡೋದೇನೂ ಇಲ್ಲ. ಇದನ್ನೇ ಕಟ್ಟಿಬಿಡು."

"ಆದ್ರೆ ಮೇಲಿನ ಹಲ್ಲು ಆರು ವರ್ಷದ್ದು, ಸೆವೆರಿನ್. ನೀನು ಹನ್ನೊಂದು ಅಂದಿದ್ದೆ."

"ಕೆಲವಕ್ಕೆ ಹಲ್ಲು ಗಟ್ಟಿ ಇರುತ್ತೆ," ಎಂದು ಅವನು ಒಳಗೆ ತಿರುಗಿದ. "ಯಾರೂ ಅಷ್ಟು ಕೆದಕಿ ನೋಡಲ್ಲ, ಹೋಗು."

ಬುರ್ಗಿ ಬುಟ್ಟಿ ಹೊತ್ತು ಇಳಿಜಾರು ಇಳಿದಳು. ಸೆವೆರಿನ್ ಹಾಗೆಂದ ಮೇಲೆ ಹಾಗೇ ಇರಬೇಕು. ಅವನು ಸುಳ್ಳು ಹೇಳುವವನಲ್ಲ; ತನ್ನ ಸ್ವಂತ ತಮ್ಮ ಅನುಮತಿಯಿಲ್ಲದೆ ಜಿಂಕೆ ಹೊಡೆದಾಗ ಅವನನ್ನೇ ಪೊಲೀಸರಿಗೆ ಒಪ್ಪಿಸಿದವನು. ಹಾಗಾದರೆ ಕೆಟ್ಟಿರುವುದು ತನ್ನ ತಲೆಯೇ.

ಮುಂದಿನ ಎರಡು ವಾರ ಅವಳು ಬದುಕಿದ ರೀತಿ ನೋಡಿ ಫಿಲೊಮೆನಾಗೇ ಗಾಬರಿಯಾಯಿತು. ಹಾಲುಮನೆಯ ಪ್ರತಿ ಪಾತ್ರೆಗೂ ಚೀಟಿ. ಒಲೆ ಆರಿಸಿದ್ದಕ್ಕೆ ಒಂದು ಗೆರೆ, ಬಾಗಿಲು ಹಾಕಿದ್ದಕ್ಕೆ ಒಂದು ಗೆರೆ. ಬಂದ ಎರಡು ತಲೆಗಳನ್ನು, ಕೈ ಸರಿಯಿಲ್ಲ ಎಂದು ನೆಪ ಹೇಳಿ ವಾಪಸು ಕಳಿಸಿದಳು. ಭಾನುವಾರ ಚರ್ಚಿನಲ್ಲಿ, ದಿನಾ ಹೇಳುವ ಪ್ರಾರ್ಥನೆಯ ನಡುವೆ ಒಂದು ಶಬ್ದ ಸಿಗದೆ ತಡವರಿಸಿ, ಎಲ್ಲರೂ ಮುಂದೆ ಹೋದರೂ ಅಲ್ಲೇ ನಿಂತುಬಿಟ್ಟಳು. ಪೇಟೆಗೆ ಹೋಗಿ ಅಕ್ಕನ ಪಕ್ಕ ಕೂತಳು. ಅಕ್ಕ ಅವಳ ಕೈ ಸವರುತ್ತಾ, "ಹಸು ಕರೆದಾಯ್ತಾ?" ಎಂದಳು. "ಆಯ್ತು," ಎಂದಳು ಬುರ್ಗಿ. ಮೂವತ್ತು ವರ್ಷದ ಹಿಂದಿನ ಹಸುಗಳು. ನಾನೂ ಇಲ್ಲೇ, ಈ ಪಕ್ಕದ ಕುರ್ಚಿಯಲ್ಲೇ ಕೂರುವವಳು ಎಂದು ಅವಳಿಗೆ ಅನ್ನಿಸಿತು.

ಆದರೂ ಕೈಗೆ ಬಂದ ಕೆಲಸ ಮುಗಿಸಬೇಕು. ಸೆವೆರಿನ್ ಹೇಳಿದ ಹಾಗೆ ಆ ದವಡೆಗಳನ್ನೇ ಕಟ್ಟಿ ಕೊಡುವುದೆಂದು ನಿರ್ಧರಿಸಿದಳು. ಕೊಡುವ ಮೊದಲು ಮತ್ತೊಮ್ಮೆ ತೊಳೆಯಬೇಕು ಅನ್ನಿಸಿತು. ಎಲುಬಿನಲ್ಲಿ ಜಿಡ್ಡು ಉಳಿದರೆ ವರ್ಷದೊಳಗೆ ಹಳದಿಯಾಗುತ್ತದೆ. ನೀರು ಬಿಸಿ ಮಾಡಿ, ಸೋಪು ಕದಡಿ, ಎರಡು ಹೋಳುಗಳನ್ನೂ ಹಾಕಿ, ತಾನು ತೊಟ್ಟಿಯ ಪಕ್ಕ ಕೂತು ಬ್ರೆಡ್ಡಿನ ಮೇಲೆ ಒಣಗಿಸಿದ ಹಂದಿಮಾಂಸದ ಚೂರು ಇಟ್ಟುಕೊಂಡು ತಿನ್ನತೊಡಗಿದಳು.

ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ಏನೋ ತೇಲಿತು. ಬೆಳ್ಳಗೆ, ಅಕ್ಕಿಕಾಳಿನಷ್ಟು. ಕೊಬ್ಬು ಎಂದುಕೊಂಡು ಬೆರಳಿಂದ ಎತ್ತಿದಳು. ಕೊಬ್ಬಲ್ಲ, ಮೇಣ. ಜೇನುಮೇಣದ ವಾಸನೆ. ಅದರ ಹಿಂದೆಯೇ ಇನ್ನೊಂದು ಕಾಳು ತೇಲಿ ಬಂತು.

ಹೋಳುಗಳನ್ನು ಹೊರತೆಗೆದು ಬೆಳಕಿಗೆ ಹಿಡಿದಳು. ಎರಡರ ಹಿಂಬದಿಯ ಮೂಲೆಯಲ್ಲೂ ಒಂದೊಂದು ಗುಂಡನೆಯ ತೂತು.

ಬುರ್ಗಿ ದವಡೆಗೆ ಎಂದೂ ತೂತು ಕೊರೆದವಳಲ್ಲ. ಅವಳು ತಂತಿಯನ್ನು ಸುತ್ತುವವಳು. ತೂತು ಕೊರೆಯುತ್ತಿದ್ದವನು ಕಾಸ್ಪರ್. ಹೊಸಬರಿಗೆ ಕಲಿಸಲೆಂದು ಅವನು ಬೇರೆ ಬೇರೆ ವಯಸ್ಸಿನ ದವಡೆಗಳನ್ನು ಕೂಡಿಹಾಕಿ, ಒಂದೊಂದಕ್ಕೂ ತೂತು ಕೊರೆದು, ಸೀಸದಕಡ್ಡಿಯಲ್ಲಿ ನಂಬರು ಬರೆದು, ಒಂದು ಮರದ ಪೆಟ್ಟಿಗೆಯಲ್ಲಿ ದಾರಕ್ಕೆ ಪೋಣಿಸಿ ಇಟ್ಟಿದ್ದ. ಅವನು ಸತ್ತ ಮೇಲೆ ಆ ಪೆಟ್ಟಿಗೆಯನ್ನು ಬುರ್ಗಿ ತಾನೇ ಹೊತ್ತುಕೊಂಡು ಹೋಗಿ ಸೆವೆರಿನ್‌ಗೆ ಕೊಟ್ಟಿದ್ದಳು.

ಮುಂದಿನದು ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆದರೆ ಅರ್ಥವಾದದ್ದನ್ನು ನಂಬಲು ಬೇಕಾಯಿತು. ಹಾಲುಮನೆಗೆ ಎಂದೂ ಬೀಗವಿಲ್ಲ. ಸೆವೆರಿನ್ ಯಾವಾಗ ಬೇಕಾದರೂ ಒಳಗೆ ಬರುವವನು. ನಡುಪ್ರಾಯದ ಸಾರಂಗದ ದವಡೆಯನ್ನು ಎತ್ತಿಕೊಂಡು, ಪೆಟ್ಟಿಗೆಯ ಮುದಿಯದರ ನಂಬರು ಅಳಿಸಿ, ತೂತಿಗೆ ತನ್ನ ಜೇನುಮೇಣ ತುಂಬಿ, ಅದೇ ತಗಡು ಕಟ್ಟಿ ಇಟ್ಟುಹೋಗಿದ್ದಾನೆ. ಅಲ್ಲಿಗೆ ಸರಿ. ಆದರೆ ಎಡಕ್ಕೆ ಗಂಡಿನದು, ಬಲಕ್ಕೆ ಹೆಣ್ಣಿನದು ಯಾಕೆ? ಮೋಸ ಮಾಡುವವನು ಇಷ್ಟು ದಡ್ಡತನದಿಂದ ಮಾಡುತ್ತಾನೆಯೇ? ಕಣಿವೆಯಲ್ಲೇ ಹಲ್ಲಿನ ವಿಷಯದಲ್ಲಿ ಅವನನ್ನು ಮೀರಿಸುವವರಿಲ್ಲ. ಯಾರಾದರೂ ಅವನ ಮೇಲೆ ಹಗೆ ಸಾಧಿಸಲು ಹೀಗೆ ಮಾಡಿದರೇ? ಹಾಗಿದ್ದರೆ ಅವನು "ಇದನ್ನೇ ಕಟ್ಟಿಬಿಡು" ಅಂದದ್ದೇಕೆ? ಆ ಗೊಂದಲದ ನಡುವೆಯೂ ಒಂದು ಮಾತ್ರ ಬೆಳಗಿನಷ್ಟು ಸ್ಪಷ್ಟವಾಗಿತ್ತು: ಮರೆತದ್ದು ತಾನಲ್ಲ. ಅವಳು ಒಬ್ಬಳೇ ಕೂತು ಒಂದಷ್ಟು ಅತ್ತಳು. ಆಮೇಲೆ ಮುಖ ತೊಳೆದುಕೊಂಡು ಬೂಟು ಹಾಕಿಕೊಂಡಳು.

ಸೆವೆರಿನ್ ಅಂಗಳದಲ್ಲಿ ಕಟ್ಟಿಗೆ ಜೋಡಿಸುತ್ತಿದ್ದ. ಬುರ್ಗಿ ಎರಡು ಹೋಳುಗಳನ್ನು ಅವನ ಕೈಗಿಟ್ಟಳು. ಅವನ ಹೆಬ್ಬೆರಳು ಹಲ್ಲಿನ ಸಾಲಿನ ಮೇಲೆ ನಿಧಾನವಾಗಿ ಓಡಿತು. ಎಡದ್ದು. ಆಮೇಲೆ ಬಲದ್ದು. ಅಲ್ಲಿ ನಿಂತಿತು. ಮತ್ತೆ ಹಿಂದೆ ಹೋಯಿತು.

"ಇದು ಹೆಣ್ಣಿಂದು," ಎಂದ.

"ಅವತ್ತೇ ಹೇಳಿದ್ನಲ್ಲ ನಾನು."

"ನೀನು ಹೇಳ್ದೆ. ನಾನು ನಂಬ್ಲಿಲ್ಲ. ಇಟ್ಟಿದ್ದು ನಾನೇ ಅಲ್ವಾ, ಜೊತೇನೇ ಇಟ್ಟಿದ್ದೀನಿ ಅಂದ್ಕೊಂಡಿದ್ದೆ. ನೀನೇ ಏನೋ ತಪ್ಪು ನೋಡಿದ್ದೀಯ ಅಂತ." ಅವನು ಕಟ್ಟಿಗೆಯ ರಾಶಿಯ ಮೇಲೆ ಕೂತ. "ಕಣ್ಣಿಂದ ನೋಡಿ ಆರಿಸ್ದೆ, ಬುರ್ಗಿ. ಮುಟ್ಟಿ ಆರಿಸಿದ್ರೆ ತಪ್ತಿರ್ಲಿಲ್ಲ."

"ಕಣ್ಣಿಗೇನಾಗಿದೆ?"

"ನೋಡಿದ್ದು ಮಾಯ. ಪಕ್ಕದ್ದು ಕಾಣುತ್ತೆ. ಈಗ ನಿನ್ನ ಮುಖ ನೋಡ್ತೀನಿ ಅನ್ನು, ಅಲ್ಲಿ ಒಂದು ಬೂದು ಮುದ್ದೆ. ನಿನ್ನ ಕಿವಿ ಕಾಣುತ್ತೆ, ಹಿಂದಿರೋ ಬೇಲಿ ಕಾಣುತ್ತೆ. ಎರಡು ವರ್ಷ ಆಯ್ತು. ಡಾಕ್ಟರು ವಾಸಿಯಾಗಲ್ಲ ಅಂದ್ರು."

"ಹಾಗಿದ್ದೂ ಬಂದೂಕು ಹಿಡ್ದೆ."

"ಹಿಡ್ದೆ. ಬಿದ್ಮೇಲೆ ಹಲ್ಲು ಮುಟ್ಟಿ ನೋಡ್ದಾಗ ಗೊತ್ತಾಯ್ತು, ನಡುಪ್ರಾಯದ್ದು ಅಂತ."

"ಅದರ ಜಾಗದಲ್ಲಿ ಅಣಬೆ ಆಯೋಕೆ ಹೋಗಿದ್ದ ಫಿಲೊಮೆನಾ ಇದ್ದಿದ್ರೆ?"

ಆ ಪ್ರಶ್ನೆಯನ್ನು ಅವನು ತನಗೆ ತಾನೇ ಕೇಳಿಕೊಳ್ಳದ ದಿನವಿರಲಿಲ್ಲವೆಂದು ಅವನು ಕೂತ ರೀತಿಯೇ ಹೇಳುತ್ತಿತ್ತು. ಬುರ್ಗಿಗೆ ಪಾಪ ಅನ್ನಿಸಿತು. ಅನ್ನಿಸಿದ್ದಕ್ಕೇ ಸಿಟ್ಟೂ ಬಂತು.

"ಸಾರಂಗದ ವಿಷಯ ನಿನ್ನದು, ಜಿಲ್ಲೆಯೋರದು. ನಾನು ಬಂದಿದ್ದು ಬೇರೆ ಮಾತಿಗೆ. ನನ್ನ ತಲೆ ಕೆಟ್ಟಿದೆ ಅಂತ ಹೇಳ್ದೆ ನೀನು. ವಾಲ್‌ಬುರ್ಗಾ ಕಥೆ ನಿಂಗೆ ಗೊತ್ತು. ಅವಳನ್ನ ಪೇಟೆಗೆ ಬಿಟ್ಟು ಬಂದ ದಿನ ನನ್ನ ಜೊತೆ ಬಂದಿದ್ದೋನು ನೀನು. ಗೊತ್ತಿದ್ದೂ ಹಾಗಂದೆ. ಎರಡು ವಾರ ನಾನು ದಿನಾ ಸತ್ತಿದ್ದೀನಿ, ಸೆವೆರಿನ್."

"ನಮಗೂ ವಯಸ್ಸಾಯ್ತು ಅಂದೆ, ಅಷ್ಟೇ. ನೀನು ಹಾಗೆ ತಗೋತೀಯ ಅಂತ..."

"ಅಷ್ಟೇ ಅನ್ಬೇಡ."

ಅವನು ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡ. "ಇಲ್ಲ," ಎಂದ. "ನೀನು ಹಾಗೇ ತಗೋತೀಯ ಅಂತ ಗೊತ್ತಿತ್ತು. ಅದಕ್ಕೇ ಅಂದೆ."

ಬುರ್ಗಿ ಹೋಗಲು ತಿರುಗಿದಳು, ಹೋಗಲಿಲ್ಲ.

"ನಿಜವಾದ ದವಡೆ ಎಲ್ಲಿ?"

"ಹೂತುಬಿಟ್ಟೆ. ಜೇನುಪೆಟ್ಟಿಗೆ ಹಿಂದೆ."

"ಯಾವ ಪೆಟ್ಟಿಗೆ ಹಿಂದೆ?"

ಅದು ಅವನಿಗೂ ಸರಿಯಾಗಿ ತಿಳಿಯದು. ಮೂರನೆಯದೋ ನಾಲ್ಕನೆಯದೋ ಎಂದ. ಬುರ್ಗಿ ಗುದ್ದಲಿ ತೆಗೆದುಕೊಂಡಳು. ಮೂರನೆಯ ಪೆಟ್ಟಿಗೆಯ ಹಿಂದೆ ಅಗೆದರೆ ಬರೀ ಬೇರು. ನಾಲ್ಕನೆಯದರ ಹಿಂದೆ ಒಂದು ಎಲುಬು ಸಿಕ್ಕಿತು, ನೋಡಿದರೆ ಅದು ಹತ್ತು ವರ್ಷದ ಹಿಂದೆ ಸತ್ತ ಅವನ ನಾಯಿಯದು. ಸೆವೆರಿನ್ ಅದನ್ನು ಕೈಯಲ್ಲಿ ಹಿಡಿದು, "ಓ, ನೀನಾ," ಎಂದ ಮೆಲ್ಲಗೆ. ಬುರ್ಗಿಗೆ ನಗು ತಡೆಯಲಾಗಲಿಲ್ಲ. ಇಷ್ಟು ಸಿಟ್ಟಿನ ನಡುವೆ ನಗುವುದು ಸರಿಯೋ ತಪ್ಪೋ ತಿಳಿಯದೆ ಅವಳು ಆ ಕಡೆ ತಿರುಗಿ ನಕ್ಕಳು. ಕೊನೆಗೆ ಆರನೆಯ ಪೆಟ್ಟಿಗೆಯ ಹಿಂದೆ, ಹಳೆಯ ಅಂಗಿಯ ತುಂಡಿನಲ್ಲಿ ಸುತ್ತಿದ ದವಡೆ ಸಿಕ್ಕಿತು. ಎರಡೂ ಹೋಳು, ಚೂಪು ಹಲ್ಲು, ಅವಳೇ ಬೇಯಿಸಿ ಉಜ್ಜಿದ್ದು. ಮಣ್ಣು ಒರೆಸುತ್ತಿದ್ದ ಹಾಗೆ ಅವಳಿಗೆ ಅದರ ನೆನಪೂ ಬಂತು, ಎಡಗಡೆಯ ಮೂರನೆಯ ಹಲ್ಲಿನ ಅಂಚು ಸ್ವಲ್ಪ ಮುರಿದದ್ದು. ನಿಜವಾಗಿ ನೆನಪಾಯಿತೋ, ಈಗ ನೋಡಿದ್ದರಿಂದ ನೆನಪಾದಂತೆ ಅನ್ನಿಸಿತೋ, ಹೇಳುವುದು ಕಷ್ಟ.

"ನಾನು ಇದನ್ನೇ ಕಟ್ತೀನಿ," ಎಂದಳು. "ಅವರಿಗೆ ಏನು ಹೇಳ್ಬೇಕೋ ಅದು ನಿನಗೆ ಬಿಟ್ಟಿದ್ದು. ನಾನು ಯಾರಿಗೂ ಹೇಳಲ್ಲ. ಆದ್ರೆ ಇನ್ನೊಂದ್ಸಲ ನೀನು ಬಂದೂಕು ಎತ್ತಿದ್ದು ಗೊತ್ತಾದ್ರೆ ಆ ಕ್ಷಣವೇ ಹೇಳ್ತೀನಿ."

ಮಾರ್ಚಿನಲ್ಲಿ ಹೋಟೆಲಿನ ಸಭಾಂಗಣದ ತುಂಬ ಕೊಂಬುಗಳ ಸಾಲು, ಒದ್ದೆ ಉಣ್ಣೆಕೋಟುಗಳ ವಾಸನೆ, ಬಿಯರ್. ಸೆವೆರಿನ್‌ನ ಸಾರಂಗ ಬಾಗಿಲ ಎದುರಿಗೇ ತೂಗುತ್ತಿತ್ತು. ಆ ವರ್ಷದಲ್ಲಿ ಅಷ್ಟು ಬಿಳಿಯ ಬುರುಡೆ ಇನ್ನೊಂದಿರಲಿಲ್ಲ. ಅದರ ಹಣೆಯ ಕೆಳಗೆ ಕೆಂಪು ಚುಕ್ಕಿ. ಜನ ಅದರ ಮುಂದೆ ಬಂದಾಗ ಹೆಸರು ಓದುತ್ತಿದ್ದರು, ಮತ್ತೊಮ್ಮೆ ಓದುತ್ತಿದ್ದರು.

ಜಿಲ್ಲೆಯ ಮುಖ್ಯಸ್ಥ ಸೆವೆರಿನ್‌ನ ಹತ್ತಿರ ಬಂದು ದನಿ ತಗ್ಗಿಸಿ, "ಏನಾಯ್ತು ಇದು? ನೀವು ಹೀಗೆ ತಪ್ಪೋರಲ್ಲ. ಬೆಳಕು ಕಡಿಮೆ ಇತ್ತು ಅಂತ ಬರ್ಕೊಳ್ಳಲಾ?" ಎಂದು ಕೇಳಿದ.

"ಬೆಳಕು ಚೆನ್ನಾಗಿತ್ತು," ಎಂದ ಸೆವೆರಿನ್. ಅಕ್ಕಪಕ್ಕದವರಿಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದ. "ನನಗೆ ಕಣ್ಣು ಕಾಣಲ್ಲ. ಕಾಣದೇನೇ ಹೊಡೆದೆ. ಅದನ್ನ ಬರ್ಕೊಳ್ಳಿ."

ಫಿಲೊಮೆನಾ ಬುರ್ಗಿಯ ತೋಳು ಚಿವುಟಿ, "ನಿಂಗೆ ಗೊತ್ತಿತ್ತಾ?" ಎಂದಳು. ಬುರ್ಗಿ ತೋಳು ಬಿಡಿಸಿಕೊಂಡು ಬಿಯರ್ ಲೋಟ ಎತ್ತಿಕೊಂಡಳು. ಬಂದೂಕಿನ ಪರವಾನಗಿಯನ್ನು ಸೆವೆರಿನ್ ಅಂದೇ ಮೇಜಿನ ಮೇಲಿಟ್ಟು ಹೋದ. ದವಡೆ ಬದಲಿಸಿದ್ದನ್ನು ಅವನು ಹೇಳಲಿಲ್ಲ. ಅದು ಈ ಇಬ್ಬರನ್ನು ಬಿಟ್ಟು ಮೂರನೆಯವರಿಗೆ ತಿಳಿಯಲೂ ಇಲ್ಲ.

ಏಪ್ರಿಲ್, ಮೇ ಎರಡು ತಿಂಗಳು ಅವನು ಹಾಲುಮನೆಯ ಕಡೆ ಬರಲಿಲ್ಲ. ಬುರ್ಗಿಯೂ ಮೇಲೆ ಹತ್ತಲಿಲ್ಲ. ಚರ್ಚಿನಿಂದ ಹೊರಬರುವಾಗ ಎದುರಾದರೆ ತಲೆ ಆಡಿಸುತ್ತಿದ್ದರು. ಅವನ ಮೇಲೆ ಸಿಟ್ಟು ಇದೆಯೇ ಎಂದು ಅವಳು ತನ್ನೊಳಗೆ ಹುಡುಕಿದರೆ ಕೆಲವು ದಿನ ಇರುತ್ತಿತ್ತು, ಕೆಲವು ದಿನ ಇರುತ್ತಿರಲಿಲ್ಲ. ಅವನು ಆ ಮಾತು ಹೇಳದೆ ಬರೀ ದವಡೆ ಬದಲಿಸಿದ್ದರೆ, ಅದೂ ಸರಿಯಾದ ಜೊತೆಯನ್ನೇ ಇಟ್ಟಿದ್ದರೆ, ತಾನು ಮೇಲಿನ ಹಲ್ಲು ನೋಡಿಯೂ ಸುಮ್ಮನಿರುತ್ತಿದ್ದೆನೇನೋ ಎಂದೂ ಅನ್ನಿಸುತ್ತಿತ್ತು.

ಜೂನ್ ಮೊದಲ ವಾರ ಆ ವರ್ಷದ ಮೊದಲ ಸಣ್ಣ ಜಿಂಕೆಯ ತಲೆ ಬಂತು. ಬುರ್ಗಿ ಅದನ್ನು ಬೇಯಿಸಿ ಕೆರೆಯುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಸೆವೆರಿನ್ ಜೇನಿನ ಸೀಸೆ ಹಿಡಿದು ಹೊಸ್ತಿಲ ಹೊರಗೇ ನಿಂತಿದ್ದ.

"ಒಳಗೆ ಬರಬಹುದಾ?"

"ಬಾ. ಕಪಾಟಿನ ಹತ್ರ ಮಾತ್ರ ಹೋಗ್ಬೇಡ," ಎಂದಳು ಬುರ್ಗಿ. ತಮಾಷೆಗೆ ಹೇಳಿದಳೋ ನಿಜಕ್ಕೂ ಹೇಳಿದಳೋ ಅವಳಿಗೇ ತಿಳಿಯಲಿಲ್ಲ. ಅವನು ಮಾತ್ರ ಅದನ್ನು ನಿಜವೆಂದೇ ತಿಳಿದು, ಕಪಾಟಿನಿಂದ ದೂರ, ಕಲ್ಲುತೊಟ್ಟಿಯ ಅಂಚಿನಲ್ಲಿ ಕೂತ.

ಕೆಲಸ ಮುಗಿದ ಬುರುಡೆಯನ್ನು ಅವಳು ಪಕ್ಕಕ್ಕಿಟ್ಟಾಗ ಅವನು ಕೈ ಚಾಚಿ ತೆಗೆದುಕೊಂಡು, ಮಡಿಲಲ್ಲಿಟ್ಟು, ಬೆರಳಿನಿಂದ ಸವರತೊಡಗಿದ. ಕಣ್ಣಿನ ಗುಳಿ, ಕೆನ್ನೆಯ ಎಲುಬು, ಮೂಗು. ಕಿರುಬೆರಳು ಮೂಗಿನೊಳಗೆ ಹೋಗಿ ನಿಂತಿತು.

"ಇಲ್ಲೊಂದು ಪೊರೆ ಉಳ್ಕೊಂಡಿದೆ. ಎಡಗಡೆ, ಮೇಲೆ."

ಬುರ್ಗಿ ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದು ನೋಡಿದಳು. ಏನೂ ಕಾಣಲಿಲ್ಲ. ಅವನು ಹೇಳಿದ ಕಡೆ ಚಿಮುಟ ಹಾಕಿ ಎಳೆದಳು. ಈರುಳ್ಳಿ ಸಿಪ್ಪೆಯಂಥ ತೆಳು ಪೊರೆಯೊಂದು ಬಂತು.

"ಇತ್ತು," ಎಂದಳು.

ಅವಳು ಎದ್ದು ಕಾಫಿಗೆ ನೀರಿಟ್ಟಳು. ಒಂದು ಲೋಟಕ್ಕೆ ಇಡಬೇಕೋ ಎರಡಕ್ಕೋ ಎಂದು ಸ್ವಲ್ಪ ಹೊತ್ತು ನಿಂತು, ಎರಡಕ್ಕೆ ಇಟ್ಟಳು.